ಒಂದು ಅಂಕಿಯ ಹಿಂದಿನ ದುಡಿಮೆ: ವಸ್ತು ಪರೀಕ್ಷಾ ಸಂಶೋಧಕರ ವೃತ್ತಿಜೀವನ

ಬೊಮ್ಮನಹಳ್ಳಿಯ ಉದ್ಯಮಿಗಳಿಗೆ 'ಸಿಲ್ಕ್ ಬೋರ್ಡ್' ಎಂಬ ಹೆಸರು ನಿತ್ಯಪರಿಚಿತವಾದುದು. ಹೊಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಆ ವೃತ್ತವನ್ನು ದಾಟದೆ ಇಲ್ಲಿಯ ಸರಕು ನಗರದೊಳಕ್ಕೆ ಹೋಗುವುದು ಕಷ್ಟ. 2025ರ ಆಗಸ್ಟ್ ತಿಂಗಳಿನಲ್ಲಿ ಆರಂಭವಾದ ಹಳದಿ ಮೆಟ್ರೊ ಮಾರ್ಗದಲ್ಲಿಯೂ ಸೆಂಟ್ರಲ್ ಸಿಲ್ಕ್ ಬೋರ್ಡ್ ನಿಲ್ದಾಣದ ನಂತರ ಬರುವುದು ಬೊಮ್ಮನಹಳ್ಳಿಯೇ. ಆದರೆ ವಾಹನ ದಟ್ಟಣೆಗೆ ಹೆಸರಾದ ಈ ವೃತ್ತಕ್ಕೆ ಹೆಸರು ಕೊಟ್ಟ ಸಂಸ್ಥೆಯಲ್ಲಿ ನಡೆಯುವ ಕಾರ್ಯವೇನು ಎಂಬುದನ್ನು ಅರಿತವರು ವಿರಳ.

1948ರ ಅಧಿನಿಯಮದ ಮೂಲಕ ಸ್ಥಾಪಿತವಾದ ಕೇಂದ್ರ ರೇಷ್ಮೆ ಮಂಡಳಿಯ ಕೇಂದ್ರ ಕಚೇರಿ ಇಲ್ಲಿದೆ. ಅದರ ಅಂಗವಾಗಿ 1983ರಲ್ಲಿ ಆರಂಭವಾದ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯೂ ಬಿ.ಟಿ.ಎಂ. ಬಡಾವಣೆಯಲ್ಲಿಯೇ ಇದೆ. ಗೂಡಿನಿಂದ ನೂಲು ಬಿಚ್ಚುವುದು ಮೊದಲ್ಗೊಂಡು ಹುರಿ, ನೇಯ್ಗೆ, ಬಣ್ಣ ಹಾಗೂ ಸಂಸ್ಕರಣೆಯವರೆಗಿನ ತಂತ್ರಜ್ಞಾನ ಇದರ ಕ್ಷೇತ್ರ. ಈ ಎಲ್ಲ ಹಂತಗಳಿಗೂ ಆಧಾರವಾಗಿರುವುದು ಪರೀಕ್ಷಾ ಪ್ರಯೋಗಾಲಯ. ದಕ್ಷಿಣ ಬೆಂಗಳೂರಿಗೂ ರೇಷ್ಮೆಗೂ ಇರುವ ಸಂಬಂಧ ಇನ್ನೂ ಹಳೆಯದು. 19ನೇ ಶತಮಾನದ ಕೊನೆಯಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಜಪಾನಿನ ಪದ್ಧತಿಯನ್ನು ಪ್ರಯೋಗಿಸಿ ನೋಡಲು ಸ್ಥಾಪಿಸಿದ ರೇಷ್ಮೆ ತೋಟದ ನೆನಪು ಬಸವನಗುಡಿ–ಜಯನಗರದ ನಡುವಿನ 'ಟಾಟಾ ಸಿಲ್ಕ್ ಫಾರಂ' ಎಂಬ ಬಡಾವಣೆಯ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಇಂತಹ ಪ್ರಯೋಗಾಲಯದಲ್ಲಿ ಮೂರು ದಶಕಗಳನ್ನು ಕಳೆಯುವ ವಸ್ತು ಪರೀಕ್ಷಾ ಸಂಶೋಧಕರು ಏನು ಮಾಡುತ್ತಾರೆ? ಅವರ ದುಡಿಮೆಯಿಂದ ವ್ಯಾಪಾರಿಗೆ ಹಾಗೂ ಸಣ್ಣ ಉತ್ಪಾದಕರಿಗೆ ದೊರೆಯುವುದೇನು? ಪರೀಕ್ಷೆಯ ಶುಲ್ಕವನ್ನು ಅನಿವಾರ್ಯ ಖರ್ಚೆಂದು ಬಗೆಯುವವರೇ ಹೆಚ್ಚಾಗಿರುವುದರಿಂದ ಈ ಪ್ರಶ್ನೆಗಳು ವಿಚಾರಾರ್ಹವಾಗಿವೆ.

ನೀರಿಗೂ ರೇಷ್ಮೆಯ ಬೆಲೆ

ರೇಷ್ಮೆ ಗಾಳಿಯಲ್ಲಿರುವ ತೇವವನ್ನು ಹೀರುವ ಎಳೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರನ್ನು ಹೀರಿಕೊಂಡರೂ ಅದು ಕೈಗೆ ಒದ್ದೆಯೆನಿಸುವುದಿಲ್ಲ. ಬೆಲೆಬಾಳುವ ಈ ಸರಕು ಮಾರಾಟವಾಗುವುದು ತೂಕದ ಮೇಲೆ. ಹೀಗಾಗಿ ಮಳೆಗಾಲದಲ್ಲಿ ಕೊಳ್ಳುವವರು ನೀರಿಗೂ ರೇಷ್ಮೆಯ ದರವನ್ನು ತೆರುವ ಸಂಭವವಿದೆ. ಬೇಸಿಗೆಯಲ್ಲಿ ಒಣಗಿದ ನೂಲನ್ನು ಮಾರುವ ರೀಲರ್‌ಗೆ ಅದೇ ಕಾರಣದಿಂದ ನಷ್ಟವಾಗುತ್ತದೆ.

ಈ ಸಮಸ್ಯೆಗೆ ಯೂರೋಪಿನ ವರ್ತಕರು ಬಹಳ ಹಿಂದೆಯೇ ಪರಿಹಾರ ಕಂಡುಕೊಂಡರು. 1750ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ರೇಷ್ಮೆಯ ತೇವವನ್ನು ನಿರ್ಧರಿಸುವ ಸಾರ್ವಜನಿಕ ಕೇಂದ್ರ ಆರಂಭವಾಯಿತು. 1805ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ನೆಪೋಲಿಯನ್ ಆಡಳಿತದ ಆದೇಶದಂತೆ ಅಂತಹುದೇ ಕೇಂದ್ರ ಸ್ಥಾಪಿತವಾಯಿತು. ನೂಲಿನ ಮಾದರಿಯನ್ನು ಒಲೆಯಲ್ಲಿ ಪೂರ್ಣವಾಗಿ ಒಣಗಿಸಿ ತೂಗುವ ಕ್ರಮ 1840ರ ದಶಕದಲ್ಲಿ ಅಲ್ಲಿ ರೂಢಿಗೆ ಬಂದಿತು. ಇಂದಿಗೂ ಅನುಸರಿಸಲಾಗುತ್ತಿರುವ ತತ್ತ್ವ ಇದೇ. ತೂಕ ಇನ್ನು ಇಳಿಯದ ಹಂತದವರೆಗೆ ಮಾದರಿಯನ್ನು ಒಣಗಿಸಿ, ಆ ಒಣತೂಕಕ್ಕೆ ಶೇ. 11ರಷ್ಟನ್ನು ಕೂಡಿಸಿದರೆ ದೊರೆಯುವುದೇ 'ವಾಣಿಜ್ಯ ತೂಕ'. ಶೇ. 11 ಎಂಬುದು ರೇಷ್ಮೆಗೆ ಅಂತರರಾಷ್ಟ್ರೀಯವಾಗಿ ಒಪ್ಪಿತವಾಗಿರುವ ತೇವದ ಪ್ರಮಾಣ.

ಇದನ್ನು ಒಂದು ಸರಳ ಲೆಕ್ಕದಿಂದ ಮನಗಾಣಬಹುದು. ಲೆಕ್ಕದ ಅನುಕೂಲಕ್ಕಾಗಿ ನೂಲಿನ ದರವನ್ನು ಕೆ.ಜಿ.ಗೆ 4,000 ರೂ. ಎಂದಿಟ್ಟುಕೊಳ್ಳೋಣ. ತಕ್ಕಡಿಯಲ್ಲಿ 100 ಕೆ.ಜಿ. ತೂಗಿದ ಸರಕಿನ ಒಣತೂಕ 87 ಕೆ.ಜಿ. ಎಂದು ಕಂಡುಬಂದರೆ ಅದರ ವಾಣಿಜ್ಯ ತೂಕ 96.57 ಕೆ.ಜಿ. ಆಗುತ್ತದೆ. ಉಳಿದ 3.43 ಕೆ.ಜಿ. ಹೆಚ್ಚುವರಿ ನೀರು. 100 ಕೆ.ಜಿ.ಗೆ ಹಣ ಪಾವತಿಸಿದ ನೇಕಾರರಿಗೆ 13,720 ರೂ. ನಷ್ಟವಾಗುತ್ತದೆ. ಅದೇ ಸರಕಿನ ಒಣತೂಕ 91 ಕೆ.ಜಿ. ಇದ್ದಿದ್ದರೆ ವಾಣಿಜ್ಯ ತೂಕ 101.01 ಕೆ.ಜಿ.ಗೆ ಏರಿ, ಮಾರಿದವರಿಗೆ 4,040 ರೂ. ನಷ್ಟವಾಗುತ್ತಿತ್ತು. ಇವೆರಡು ಸಂದರ್ಭಗಳಲ್ಲಿಯೂ ಯಾರೂ ಮೋಸ ಮಾಡಿಲ್ಲ, ತಕ್ಕಡಿಯೂ ತಪ್ಪು ತೋರಿಲ್ಲ. ಆದರೂ ಒಬ್ಬರ ಹಣ ಮತ್ತೊಬ್ಬರ ಕೈಗೆ ಹೋಗಿದೆ. ಇದನ್ನು ತಡೆಯಬಲ್ಲವರು ಪ್ರಯೋಗಾಲಯದ ಪರೀಕ್ಷಕರು ಮಾತ್ರ.

ವೃತ್ತಿಯ ಮೊದಲ ಮೆಟ್ಟಿಲು

ಈ ಕ್ಷೇತ್ರಕ್ಕೆ ಬರುವವರ ವಿದ್ಯಾರ್ಹತೆ ವಿವಿಧ ಬಗೆಯದು. ಬೆಂಗಳೂರಿನ ಕೆ.ಆರ್. ವೃತ್ತದ ಬಳಿಯಿರುವ ಶ್ರೀ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆಯಲ್ಲಿ ರೇಷ್ಮೆ ಅಥವಾ ಜವಳಿ ತಂತ್ರಜ್ಞಾನವನ್ನು ಕಲಿತವರು, ವಿಶ್ವವಿದ್ಯಾನಿಲಯಗಳಲ್ಲಿ ರೇಷ್ಮೆ ಕೃಷಿ, ರಸಾಯನಶಾಸ್ತ್ರ ಅಥವಾ ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಇಂತಹ ಪ್ರಯೋಗಾಲಯಗಳಿಗೆ ಸೇರುತ್ತಾರೆ. ಪದವಿ ಯಾವುದೇ ಆಗಿರಲಿ, ಆರಂಭದ ಕೆಲವು ವರ್ಷಗಳಲ್ಲಿ ಕಲಿಯಬೇಕಾದ ಪಾಠ ಒಂದೇ: ಮಾದರಿ ತೆಗೆಯುವುದು, ತೂಗುವುದು, ಕಾಯುವುದು.

ಕಾಯುವುದೂ ಒಂದು ಕೆಲಸವೇ ಎಂಬುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಬೆಳಿಗ್ಗೆ ಕೊಟ್ಟ ನೂಲಿನ ವರದಿ ಮಧ್ಯಾಹ್ನಕ್ಕೇ ಸಿಗುವುದಿಲ್ಲವೇಕೆ ಎಂದು ಅಸಮಾಧಾನಪಡುವ ವ್ಯಾಪಾರಿಗಳಿದ್ದಾರೆ. ಎಳೆಯ ಬಲ, ಹಿಗ್ಗುವಿಕೆ ಹಾಗೂ ದಪ್ಪ ಇವೆಲ್ಲವೂ ತೇವದೊಡನೆ ಬದಲಾಗುತ್ತವೆ. ಆದುದರಿಂದ ಜವಳಿ ಮಾದರಿಗಳನ್ನು ಪರೀಕ್ಷೆಗೆ ಮುನ್ನ ನಿಗದಿತ ಹವೆಯಲ್ಲಿ ಇಡಬೇಕಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಆ ಕೋಣೆಯ ಸಾಪೇಕ್ಷ ಆರ್ದ್ರತೆ ಶೇ. 65, ಉಷ್ಣತೆ 27 ಡಿಗ್ರಿ ಸೆಲ್ಸಿಯಸ್. ಎರಡರಲ್ಲಿಯೂ 2ರಷ್ಟು ಹೆಚ್ಚು ಕಡಿಮೆಗೆ ಮಾತ್ರ ಅವಕಾಶ. ನೂಲು ಆ ಹವೆಗೆ ಹೊಂದಿಕೊಳ್ಳುವ ಮುನ್ನ ಮಾಡಿದ ಅಳತೆಯನ್ನು ಇನ್ನೊಂದು ಪ್ರಯೋಗಾಲಯದ ಅಳತೆಯೊಡನೆ ಹೋಲಿಸಲಾಗದು.

ಮುಂದಿನದು ನೂಲಿನ ದಪ್ಪವನ್ನು ನಿರ್ಧರಿಸುವ ಕಾರ್ಯ. ರೇಷ್ಮೆ ಎಳೆಯ ದಪ್ಪವನ್ನು ಅಳತೆಗೋಲಿನಿಂದ ಅಳೆಯುವುದಿಲ್ಲ, ಉದ್ದ ಮತ್ತು ತೂಕದ ಸಂಬಂಧದಿಂದ ಹೇಳುತ್ತಾರೆ. 9,000 ಮೀಟರ್ ಉದ್ದದ ನೂಲಿನ ತೂಕ ಎಷ್ಟು ಗ್ರಾಂ ಇರುವುದೋ ಅಷ್ಟು 'ಡೆನಿಯರ್'. ಪೂರ್ವದಲ್ಲಿ 450 ಮೀಟರ್ ಲಡಿಯನ್ನು 0.05 ಗ್ರಾಂ ಮಾನದಲ್ಲಿ ತೂಗುತ್ತಿದ್ದರು. ಇಪ್ಪತ್ತು ಪಟ್ಟು ಮಾಡಿದರೆ ಎರಡೂ ಒಂದೇ. '20/22 ಡೆನಿಯರ್' ಎಂದು ವರ್ತಕರು ಹೇಳುವ ನೂಲು ಸರಾಸರಿ 21 ಡೆನಿಯರ್‌ನ ಆಸುಪಾಸಿನಲ್ಲಿರಬೇಕು. ಸರಾಸರಿ ಸರಿಯಿದ್ದ ಮಾತ್ರಕ್ಕೆ ನೂಲು ಉತ್ತಮವೆನ್ನಲಾಗದು. ಒಂದು ಲಡಿ 17, ಮತ್ತೊಂದು 25 ಇದ್ದರೂ ಸರಾಸರಿ 21 ಬರುತ್ತದೆ. ಅಂತಹ ನೂಲಿನಿಂದ ನೆಯ್ದ ಬಟ್ಟೆಯಲ್ಲಿ ಪಟ್ಟೆಗಳು ಎದ್ದು ಕಾಣುತ್ತವೆ. ಆದುದರಿಂದ ಸಂಶೋಧಕರು ಅನೇಕ ಲಡಿಗಳನ್ನು ಪ್ರತ್ಯೇಕವಾಗಿ ತೂಗಿ, ಸರಾಸರಿಯೊಡನೆ ಏರಿಳಿತದ ಪ್ರಮಾಣವನ್ನೂ ವರದಿಯಲ್ಲಿ ನಮೂದಿಸುತ್ತಾರೆ. ವರದಿಯನ್ನು ಓದುವಾಗ ಸರಾಸರಿಯನ್ನಷ್ಟೇ ನೋಡಿ ಬದಿಗಿಡುವ ಖರೀದಿದಾರರು ಆ ಎರಡನೆಯ ಅಂಕಿಯನ್ನು ಮರೆಯಬಾರದು.

ಕಣ್ಣಿಗೂ ಶಿಸ್ತು ಬೇಕು

ಕಚ್ಚಾ ರೇಷ್ಮೆಯ ದರ್ಜೆಯನ್ನು ನಿರ್ಧರಿಸುವ ಪರೀಕ್ಷೆಗಳಲ್ಲಿ 'ಸೆರಿಪ್ಲೇನ್' ಪರೀಕ್ಷೆ ಮುಖ್ಯವಾದುದು. ಕಪ್ಪು ಹಲಗೆಯ ಮೇಲೆ ನೂಲನ್ನು ಸಮಾನಾಂತರವಾಗಿ ಸುತ್ತಿ, ಕತ್ತಲೆ ಕೋಣೆಯಲ್ಲಿ ನಿಗದಿತ ಬೆಳಕಿನಡಿ ನಿಲ್ಲಿಸಿ, ಮಾನಕ ಛಾಯಾಚಿತ್ರಗಳೊಡನೆ ಹೋಲಿಸುತ್ತಾರೆ. ನೂಲಿನ ಸಮತೆ, ದೊಡ್ಡ ದೋಷಗಳು, ಸಣ್ಣ ಗಂಟುಗಳು ಇವುಗಳಿಗೆ ಬೇರೆಬೇರೆ ಅಂಕಗಳನ್ನು ಕೊಡಲಾಗುತ್ತದೆ. ಎ, 2ಎ, 3ಎ, 4ಎ ಮೊದಲಾದ ದರ್ಜೆಗಳು ನಿಗದಿಯಾಗುವಲ್ಲಿ ಈ ಅಂಕಗಳ ಪಾತ್ರ ಹಿರಿದು.

ಇಲ್ಲಿ ಉಪಕರಣವೆಂದರೆ ಮನುಷ್ಯನ ಕಣ್ಣು. ಇಬ್ಬರು ಪರೀಕ್ಷಕರು ಒಂದೇ ಹಲಗೆಯನ್ನು ನೋಡಿ ಬೇರೆಬೇರೆ ಅಂಕ ಕೊಡುವ ಸಾಧ್ಯತೆ ಇದ್ದೇ ಇದೆ. ಅದೇ ಪರೀಕ್ಷಕರು ಬೆಳಿಗ್ಗೆ ಕೊಟ್ಟ ಅಂಕಕ್ಕೂ ಸಂಜೆಯ ಆಯಾಸದಲ್ಲಿ ಕೊಟ್ಟ ಅಂಕಕ್ಕೂ ವ್ಯತ್ಯಾಸವಾಗಬಹುದು. ಆದುದರಿಂದ ಅನುಭವಿ ಸಂಶೋಧಕರು ತಾವೇ ತಮ್ಮನ್ನು ಪರೀಕ್ಷೆಗೆ ಒಡ್ಡಿಕೊಳ್ಳುತ್ತಾರೆ. ಹಿಂದೆ ನೋಡಿದ ಹಲಗೆಯನ್ನು ಗುರುತು ಮರೆಮಾಡಿ ಮತ್ತೆ ನೋಡುವುದು, ಒಂದೇ ಮಾದರಿಯನ್ನು ಹಲವು ಪ್ರಯೋಗಾಲಯಗಳಿಗೆ ಕಳುಹಿಸಿ ಫಲಿತಾಂಶಗಳನ್ನು ಹೋಲಿಸುವುದು ಇವು ಅದರ ಕ್ರಮಗಳು. ಲೆಕ್ಕಪರಿಶೋಧನೆಯಲ್ಲಿ ಒಬ್ಬರು ಬರೆದ ಲೆಕ್ಕವನ್ನು ಮತ್ತೊಬ್ಬರು ತಾಳೆ ನೋಡುವಂತೆಯೇ ಇಲ್ಲಿಯೂ ನಡೆಯುತ್ತದೆ.

ವೃತ್ತಿಯ ಮಧ್ಯಭಾಗದಲ್ಲಿ ಅವರ ಕಾರ್ಯದ ಸ್ವರೂಪ ಬದಲಾಗುತ್ತದೆ. ಪರೀಕ್ಷೆ ನಡೆಸುವುದರ ಜೊತೆಗೆ ಪರೀಕ್ಷಾ ವಿಧಾನವನ್ನೇ ಪರಿಶೀಲಿಸುವ ಹೊಣೆ ಬರುತ್ತದೆ. ಅಳತೆಯ ಉಪಕರಣಗಳು ಸರಿಯಾಗಿವೆಯೇ, ಒಂದೇ ವಿಧಾನದಿಂದ ಮತ್ತೆಮತ್ತೆ ಮಾಡಿದಾಗ ಒಂದೇ ಉತ್ತರ ಬರುತ್ತದೆಯೇ, ಬಂದ ಉತ್ತರದಲ್ಲಿ ಎಷ್ಟು ಅನಿಶ್ಚಿತತೆ ಇದೆ ಎಂಬುದನ್ನು ನಿರ್ಧರಿಸುವುದು ಸಂಶೋಧನೆಯ ವಿಷಯ. ರೀಲಿಂಗ್ ಘಟಕದಲ್ಲಿ ಎಳೆ ಪದೇಪದೇ ತುಂಡಾದರೆ ಕಾರಣ ಗೂಡಿನಲ್ಲಿದೆಯೋ, ಬೇಯಿಸುವ ನೀರಿನಲ್ಲಿದೆಯೋ, ಯಂತ್ರದಲ್ಲಿದೆಯೋ ಎಂದು ಹುಡುಕುವ ಕೆಲಸವೂ ಅವರಿಗೇ ಬರುತ್ತದೆ. ರಾಮನಗರ, ಶಿಡ್ಲಘಟ್ಟದಂತಹ ಗೂಡಿನ ಮಾರುಕಟ್ಟೆಗಳನ್ನು ಆಶ್ರಯಿಸಿರುವ ಸಣ್ಣ ಘಟಕಗಳಿಗೆ ಈ ಸಲಹೆ ಅತ್ಯಮೂಲ್ಯ.

ಸಂಶೋಧಕರ ಕೊನೆಯ ಹಂತದ ದುಡಿಮೆ ಬಹುತೇಕ ಕಾಗದದ ಮೇಲೆ ನಡೆಯುವಂಥದು. ಮಾನಕಗಳನ್ನು ರೂಪಿಸುವ ಸಮಿತಿಗಳಲ್ಲಿ ಭಾಗವಹಿಸುವುದು, ಕಿರಿಯರನ್ನು ತರಬೇತುಗೊಳಿಸುವುದು, ವಿವಾದಾಸ್ಪದ ಮಾದರಿಗಳ ಬಗ್ಗೆ ಅಂತಿಮ ಸಹಿ ಹಾಕುವುದು ಇವು ಅದರಲ್ಲಿ ಸೇರುತ್ತವೆ. ನಿವೃತ್ತಿಯ ವೇಳೆಗೆ ಅವರು ಸಾವಿರಾರು ವರದಿಗಳಿಗೆ ಸಹಿ ಮಾಡಿರುತ್ತಾರೆ. ಆದರೆ ಅವರ ಹೆಸರು ಯಾವ ಸೀರೆಯ ಮೇಲೂ ಅಚ್ಚಾಗುವುದಿಲ್ಲ.

ಸಂಗತಿ ಬೇಕು, ಅಭಿಪ್ರಾಯ ಬೇಡ

ಈ ವೃತ್ತಿಗೆ ಸ್ವತಂತ್ರ ಸ್ಥಾನ ದೊರಕಿಸಿಕೊಟ್ಟವರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಕರ್ಕಾಲ್ಡಿ ಪ್ರಮುಖರು. 1820ರಲ್ಲಿ ಜನಿಸಿದ ಅವರು ಗ್ಲಾಸ್ಗೊ ನಗರದ ರಾಬರ್ಟ್ ನೇಪಿಯರ್ ಕಾರ್ಖಾನೆಯಲ್ಲಿ ಕೆಲಸ ಕಲಿತು ಮುಂದೆ ಬಂದವರು. ಹಡಗು ಮತ್ತು ಬಾಯ್ಲರ್‌ಗಳಿಗೆ ಬಳಸುವ ಕಬ್ಬಿಣ ಹಾಗೂ ಉಕ್ಕಿನ ಬಲವನ್ನು 1858ರಿಂದ ಹಲವು ವರ್ಷ ಪರೀಕ್ಷಿಸಿ, ಆ ಫಲಿತಾಂಶಗಳನ್ನು 1862ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಉದ್ಯೋಗವನ್ನು ತೊರೆದು, ತಮ್ಮದೇ ವಿನ್ಯಾಸದ ಬೃಹತ್ ಪರೀಕ್ಷಾ ಯಂತ್ರವೊಂದನ್ನು ಲೀಡ್ಸ್ ನಗರದಲ್ಲಿ ಮಾಡಿಸಿದರು. 47 ಅಡಿಗೂ ಮಿಕ್ಕ ಉದ್ದದ, 100 ಟನ್ನಿಗೂ ಮೀರಿದ ತೂಕದ ಆ ಯಂತ್ರವನ್ನಿಟ್ಟುಕೊಂಡು 1866ರಲ್ಲಿ ಲಂಡನ್ನಿನಲ್ಲಿ ಪರೀಕ್ಷಾಲಯ ತೆರೆದರು. ತಯಾರಕರ ಪಕ್ಷವನ್ನೂ ಖರೀದಿದಾರರ ಪಕ್ಷವನ್ನೂ ವಹಿಸದೆ, ಶುಲ್ಕ ಪಡೆದು ಫಲಿತಾಂಶ ಹೇಳುವುದೇ ಅವರ ವ್ಯಾಪಾರವಾಗಿತ್ತು.

1874ರಲ್ಲಿ ಸದರ್ಕ್ ಬೀದಿಗೆ ಸ್ಥಳಾಂತರಗೊಂಡ ಆ ಕಟ್ಟಡದ ಬಾಗಿಲ ಮೇಲೆ 'ಸಂಗತಿಗಳೇ ಹೊರತು ಅಭಿಪ್ರಾಯಗಳಲ್ಲ' ಎಂಬ ಅರ್ಥದ ಮಾತನ್ನು ಕೆತ್ತಿಸಲಾಗಿತ್ತು. 1879ರ ಡಿಸೆಂಬರ್ 28ರಂದು ಸ್ಕಾಟ್ಲೆಂಡಿನ ಟೇ ರೈಲ್ವೆ ಸೇತುವೆ ಬಿರುಗಾಳಿಗೆ ಸಿಲುಕಿ ರೈಲಿನ ಸಮೇತ ಕುಸಿದಾಗ, ಅದರ ಭಾಗಗಳನ್ನು ಪರೀಕ್ಷಿಸುವ ಕಾರ್ಯ ಕರ್ಕಾಲ್ಡಿಯವರ ಪಾಲಿಗೆ ಬಂದಿತು. ಎರಕದ ಕಬ್ಬಿಣದ ಜೋಡಣೆಯ ಭಾಗಗಳು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಭಾರಕ್ಕೇ ಮುರಿದುವು. ಸೇತುವೆಗೆ ಜೋಡಿಸುವ ಮುನ್ನವೇ ಅಂತಹ ಭಾಗಗಳನ್ನು ಯಂತ್ರಕ್ಕೆ ಕಟ್ಟಿ ಎಳೆದು ನೋಡಿದ್ದರೆ ಈ ದುರ್ಬಲತೆ ಮೊದಲೇ ತಿಳಿಯುತ್ತಿತ್ತು. 1897ರಲ್ಲಿ ಕರ್ಕಾಲ್ಡಿ ನಿಧನರಾದ ಮೇಲೆ ಮಗ ಮತ್ತು ಮೊಮ್ಮಗ ಆ ಉದ್ಯಮವನ್ನು ಮುಂದುವರಿಸಿದರು. ಯಾರ ಪರವಾಗಿಯೂ ಮಾತನಾಡದಿರುವುದನ್ನೇ ಬಂಡವಾಳವಾಗಿಸಿಕೊಂಡ ಸಂಸ್ಥೆಯೊಂದು ಮೂರು ತಲೆಮಾರು ಬಾಳಿತು ಎಂಬುದು ವ್ಯಾಪಾರಿಗಳು ಗಮನಿಸಬೇಕಾದ ಸಂಗತಿ.

ಕಬ್ಬಿಣವಾಗಲಿ, ರೇಷ್ಮೆಯಾಗಲಿ, ಪರೀಕ್ಷಕರ ಧರ್ಮ ಒಂದೇ. 'ಸ್ವಲ್ಪ ಅನುಕೂಲವಾಗುವಂತೆ ವರದಿ ಕೊಡಿ' ಎಂಬ ಕೋರಿಕೆಯನ್ನು ಎದುರಿಸದ ಪರೀಕ್ಷಕರು ಎಲ್ಲಿಯೂ ಇರಲಾರರು. ಒಮ್ಮೆ ಮಣಿದರೆ ಆ ಗ್ರಾಹಕರಿಗೆ ಒಂದು ಸರಕು ಸಾಗಬಹುದು. ಆದರೆ ಆ ಪ್ರಯೋಗಾಲಯದ ಮುದ್ರೆಯಿರುವ ಉಳಿದೆಲ್ಲ ವರದಿಗಳ ಮೌಲ್ಯ ಅಂದೇ ಕುಸಿಯುತ್ತದೆ. ಅದರಿಂದ ನಷ್ಟವಾಗುವುದು ಪ್ರಾಮಾಣಿಕವಾಗಿ ಪರೀಕ್ಷೆ ಮಾಡಿಸಿದ ಇತರ ವ್ಯಾಪಾರಿಗಳಿಗೇ.

ಒಳ್ಳೆಯ ಸರಕಿಗೆ ಒಳ್ಳೆಯ ಬೆಲೆ

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇಲ್ಲಿ ಪ್ರಸ್ತುತ. ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ಅವರು ಹೇಳಿದುದು ಇಷ್ಟು: ಸರಕಿನ ಗುಣಮಟ್ಟ ಮಾರುವವರಿಗೆ ತಿಳಿದಿದ್ದು ಕೊಳ್ಳುವವರಿಗೆ ತಿಳಿಯದಿದ್ದರೆ, ಕೊಳ್ಳುವವರು ಸರಾಸರಿ ಬೆಲೆಯನ್ನಷ್ಟೇ ಕೊಡಲು ಸಿದ್ಧರಾಗುತ್ತಾರೆ. ಆ ಬೆಲೆಗೆ ಒಳ್ಳೆಯ ಸರಕನ್ನು ಮಾರಲಾಗದೆ ಅದರ ಒಡೆಯರು ಹಿಂದೆ ಸರಿಯುತ್ತಾರೆ. ಕ್ರಮೇಣ ಮಾರುಕಟ್ಟೆಯಲ್ಲಿ ಕಳಪೆ ಸರಕೇ ಉಳಿಯುತ್ತದೆ. ಈ ಕ್ಷೇತ್ರದ ಅಧ್ಯಯನಕ್ಕಾಗಿ 2001ರಲ್ಲಿ ಅವರಿಗೆ ಇತರ ಇಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ರೇಷ್ಮೆಯ ವ್ಯಾಪಾರದಲ್ಲಿ ಈ ಅಪಾಯ ಸ್ಪಷ್ಟವಾಗಿ ಗೋಚರಿಸುತ್ತದೆ. ಕಣ್ಣಳತೆ, ಕೈಯಳತೆಗಳಿಂದಲೇ ದರ ನಿಗದಿಯಾದರೆ ಶ್ರಮವಹಿಸಿ ಸಮವಾದ ನೂಲು ತೆಗೆದ ರೀಲರ್‌ಗೂ ಅಲಕ್ಷ್ಯದಿಂದ ತೆಗೆದವರಿಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಪರೀಕ್ಷಾ ವರದಿ ಇದ್ದಲ್ಲಿ ಆ ವ್ಯತ್ಯಾಸವನ್ನು ಬೆಲೆಯಾಗಿ ಪರಿವರ್ತಿಸಿಕೊಳ್ಳಬಹುದು. ದೊಡ್ಡ ಕಾರ್ಖಾನೆಗೆ ತನ್ನ ಹೆಸರೇ ಆಧಾರ. ಹೆಸರಿಲ್ಲದ ಸಣ್ಣ ಉತ್ಪಾದಕರಿಗೆ ವರದಿಯೇ ಆಧಾರ.

ಗ್ರಾಹಕರ ಮಟ್ಟದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಶುದ್ಧ ರೇಷ್ಮೆಯನ್ನು ಗುರುತಿಸಲು ಎಳೆಯನ್ನು ಸುಟ್ಟು ನೋಡುವ ಪದ್ಧತಿ ಅಂಗಡಿಗಳಲ್ಲಿ ಪ್ರಚಲಿತ. ರೇಷ್ಮೆ ನಿಧಾನವಾಗಿ ಉರಿದು, ಸುಟ್ಟ ಕೂದಲಿನ ವಾಸನೆ ಬೀರಿ, ಬೆರಳಿಗೆ ಪುಡಿಯಾಗುವ ಬೂದಿಯನ್ನು ಉಳಿಸುತ್ತದೆ. ವಿಸ್ಕೋಸ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಹಾಸಿನಲ್ಲಿ ರೇಷ್ಮೆ, ಹೊಕ್ಕಿನಲ್ಲಿ ಬೇರೆ ನೂಲು ಇದ್ದರೆ ಒಂದೇ ಎಳೆಯನ್ನು ಸುಟ್ಟವರು ಮೋಸಹೋಗುತ್ತಾರೆ. ಪ್ರಯೋಗಾಲಯದಲ್ಲಿ ಹಾಸು, ಹೊಕ್ಕುಗಳನ್ನು ಪ್ರತ್ಯೇಕಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಿಸಿಯಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ರೇಷ್ಮೆ ಕರಗಿ ಹತ್ತಿ, ವಿಸ್ಕೋಸ್‌ಗಳು ಉಳಿಯುವುದರಿಂದ ಬೆರಕೆಯ ಪ್ರಮಾಣವನ್ನೂ ತೂಕದಿಂದಲೇ ಹೇಳಬಹುದು. ಕೇಂದ್ರ ರೇಷ್ಮೆ ಮಂಡಳಿಯ ಪ್ರಾಯೋಜಕತ್ವದಲ್ಲಿ 2004ರಲ್ಲಿ ಜಾರಿಗೆ ಬಂದ 'ಸಿಲ್ಕ್ ಮಾರ್ಕ್' ಚೀಟಿಯ ಬೆನ್ನಿಗಿರುವುದು ಇಂತಹ ಪರೀಕ್ಷೆಗಳೇ. ಆ ಚೀಟಿ ಸಾರುವುದು ರೇಷ್ಮೆಯ ಶುದ್ಧತೆಯನ್ನು ಮಾತ್ರ. ನೇಯ್ಗೆಯ ಅಂದವನ್ನಾಗಲಿ ಬಣ್ಣದ ಗಟ್ಟಿತನವನ್ನಾಗಲಿ ಅಲ್ಲ. ಈ ಭೇದವನ್ನು ಮಾರಾಟಗಾರರು ಗ್ರಾಹಕರಿಗೆ ತಿಳಿಸಿ ಹೇಳುವುದು ಉಚಿತ.

ಬೊಮ್ಮನಹಳ್ಳಿ, ಹೊಂಗಸಂದ್ರ, ಬೇಗೂರು ರಸ್ತೆಯ ಸಿದ್ಧ ಉಡುಪು ಘಟಕಗಳಿಗೂ ಪರೀಕ್ಷೆಯ ಮಹತ್ವ ತಿಳಿಯದ್ದೇನಲ್ಲ. ಕೆಲವು ಅಜೋ ಬಣ್ಣಗಳು ವಿಭಜನೆಗೊಂಡಾಗ ಕ್ಯಾನ್ಸರ್‌ಕಾರಕ ಅಮೈನ್‌ಗಳನ್ನು ಬಿಡುಗಡೆ ಮಾಡುತ್ತವೆ ಎಂಬ ಕಾರಣದಿಂದ ಜರ್ಮನಿ 1994ರಲ್ಲಿ ಅವುಗಳನ್ನು ನಿಷೇಧಿಸಿತು. ಭಾರತವೂ 1997ರಲ್ಲಿ ಅಂತಹ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ಯೂರೋಪ್ ಒಕ್ಕೂಟದ ಮಿತಿ ಪ್ರತಿ ಕೆ.ಜಿ. ಬಟ್ಟೆಗೆ 30 ಮಿಲಿಗ್ರಾಂ ಮಾತ್ರ. ಕಣ್ಣು, ಮೂಗು, ಕೈಗಳಿಗೆ ನಿಲುಕದ ಈ ದೋಷವನ್ನು ಕಂಡುಹಿಡಿಯಬಲ್ಲುದು ಪ್ರಯೋಗಾಲಯವೊಂದೇ. ಹಡಗಿಗೆ ಏರಿದ ಮೇಲೆ ಇದು ಪತ್ತೆಯಾದರೆ ಬಟ್ಟೆ, ಹೊಲಿಗೆ, ಸಾಗಣೆ ಎಲ್ಲ ವೆಚ್ಚಗಳೂ ವ್ಯರ್ಥ.

ವರದಿ ಮತ್ತು ಕಾನೂನು

ಪರೀಕ್ಷಾ ವರದಿಗೆ ಕಾನೂನಿನ ದೃಷ್ಟಿಯಿಂದಲೂ ಮಹತ್ವವಿದೆ. 1930ರ ಸರಕು ಮಾರಾಟ ಅಧಿನಿಯಮದ 17ನೇ ಪ್ರಕರಣದ ಪ್ರಕಾರ, ಮಾದರಿ ತೋರಿಸಿ ಮಾರಿದ ಸರಕಿನ ಒಟ್ಟು ರಾಶಿ ಗುಣಮಟ್ಟದಲ್ಲಿ ಆ ಮಾದರಿಗೆ ಸಮನಾಗಿರಬೇಕು. ಸಮನಾಗಿದೆಯೇ ಇಲ್ಲವೇ ಎಂಬ ತಕರಾರು ಬಂದಾಗ ಮೊಹರು ಮಾಡಿಟ್ಟ ಮಾದರಿ ಹಾಗೂ ಅದರ ವರದಿ ಇದ್ದವರ ವಾದ ಬಲವಾಗಿರುತ್ತದೆ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ವಿಷಯ ಇನ್ನೂ ಮುಖ್ಯವಾದುದು. ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕರಿಗೆ ಖರೀದಿದಾರರು ಒಪ್ಪಂದದ ದಿನಾಂಕದೊಳಗೆ ಹಣ ಪಾವತಿಸಬೇಕು. ಒಪ್ಪಂದವಿದ್ದರೂ ಆ ಅವಧಿ ಸರಕಿನ ಸ್ವೀಕಾರದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅನ್ವಯವಾಗುತ್ತದೆ. ಆದರೆ 'ಸ್ವೀಕಾರದ ದಿನ' ಯಾವುದು? ಸಾಮಾನ್ಯವಾಗಿ ಸರಕು ತಲಪಿದ ದಿನವೇ. ತಲಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಮಾತ್ರ, ಆ ಆಕ್ಷೇಪಣೆಯನ್ನು ಪೂರೈಕೆದಾರರು ನಿವಾರಿಸಿದ ದಿನವನ್ನು ಸ್ವೀಕಾರದ ದಿನವೆಂದು ಪರಿಗಣಿಸಲಾಗುತ್ತದೆ. ಅಂದರೆ ಗುಣಮಟ್ಟದ ಬಗೆಗಿನ ಒಂದು ಪತ್ರ ಹಣ ಬರುವ ಗಡಿಯಾರವನ್ನೇ ತಡೆದು ನಿಲ್ಲಿಸಬಲ್ಲುದು. ಸರಕು ಕಳುಹಿಸುವ ಮುನ್ನವೇ ಪರೀಕ್ಷೆ ಮಾಡಿಸಿ, ಉಳಿಕೆ ಮಾದರಿಯನ್ನು ಮೊಹರು ಮಾಡಿ ಇಟ್ಟುಕೊಂಡ ಉತ್ಪಾದಕರು ಆಕ್ಷೇಪಣೆಗೆ ಒಡನೆಯೇ ಆಧಾರಸಹಿತ ಉತ್ತರ ಕೊಡಬಹುದು. ಇಲ್ಲದವರು ಹೊಸದಾಗಿ ಮಾದರಿ ತೆಗೆಸಿ, ವರದಿಗಾಗಿ ಕಾದು, ಅಷ್ಟು ದಿನವೂ ದುಡಿಯುವ ಬಂಡವಾಳಕ್ಕೆ ಬಡ್ಡಿ ತೆರಬೇಕಾಗುತ್ತದೆ. ಪರೀಕ್ಷಾ ಶುಲ್ಕವನ್ನು ಈ ಬಡ್ಡಿಯೊಡನೆ ಹೋಲಿಸಿ ನೋಡಿದರೆ ಅದರ ನಿಜವಾದ ವೆಚ್ಚ ತಿಳಿಯುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಮಾದರಿಯನ್ನು ಸರಿಯಾಗಿ ತೆಗೆಯಬೇಕು. ಪ್ರಯೋಗಾಲಯದ ವರದಿಯಲ್ಲಿ 'ಈ ಫಲಿತಾಂಶ ಪರೀಕ್ಷಿಸಿದ ಮಾದರಿಗೆ ಮಾತ್ರ ಸಂಬಂಧಿಸಿದೆ' ಎಂಬ ಅರ್ಥದ ವಾಕ್ಯವಿರುತ್ತದೆ. ರಾಶಿಯ ಮೇಲ್ಭಾಗದ ಒಳ್ಳೆಯ ಲಡಿಯನ್ನೇ ಆರಿಸಿ ಕೊಟ್ಟರೆ ವರದಿ ಚೆನ್ನಾಗಿ ಬರುತ್ತದೆ, ಸರಕು ಮಾತ್ರ ವಾಪಸಾಗುತ್ತದೆ. ಮೂಟೆಯ ಮೇಲೆ, ನಡುವೆ, ಕೆಳಗೆ ಹೀಗೆ ಹಲವೆಡೆಗಳಿಂದ, ಸಾಧ್ಯವಾದರೆ ಉಭಯ ಪಕ್ಷಗಳ ಸಮಕ್ಷಮದಲ್ಲಿ ಮಾದರಿ ತೆಗೆಯುವುದು ಕ್ಷೇಮ. ತೇವದ ಪರೀಕ್ಷೆಗಾದರೆ ತೆಗೆದ ಕೂಡಲೇ ಗಾಳಿಯಾಡದ ಚೀಲದಲ್ಲಿ ಮುಚ್ಚಬೇಕು.

ಎರಡನೆಯದಾಗಿ, ಖರೀದಿ ಆದೇಶದಲ್ಲಿಯೇ ಪರೀಕ್ಷೆಯ ಹೆಸರು, ಅನುಸರಿಸುವ ಮಾನಕದ ಸಂಖ್ಯೆ, ಒಪ್ಪಬಹುದಾದ ಮಿತಿ ಹಾಗೂ ಪ್ರಯೋಗಾಲಯದ ಹೆಸರನ್ನು ಬರೆಯಬೇಕು. 'ಉತ್ತಮ ಗುಣಮಟ್ಟ' ಎಂಬ ಪದಕ್ಕೆ ಇಬ್ಬರು ಎರಡು ಅರ್ಥ ಮಾಡಬಹುದು. '20/22 ಡೆನಿಯರ್, ತೂಕ ಶೇ. 11ರ ಆಧಾರದ ಮೇಲೆ' ಎಂಬುದಕ್ಕೆ ಅರ್ಥ ಒಂದೇ.

ಮೂರನೆಯದಾಗಿ, ಪ್ರಯೋಗಾಲಯಕ್ಕೆ ಐಎಸ್ಒ/ಐಇಸಿ 17025 ಮಾನಕದ ಅನ್ವಯ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದು ವಿಚಾರಿಸಬೇಕು. ಮಾನ್ಯತೆ ದೊರೆಯುವುದು ನಿರ್ದಿಷ್ಟ ಪರೀಕ್ಷೆಗಳಿಗೆ. ಬಣ್ಣದ ಪರೀಕ್ಷೆಗೆ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಬಲದ ಪರೀಕ್ಷೆಗೂ ಅದು ಇದೆ ಎಂದು ಭಾವಿಸಬಾರದು.

ನಾಲ್ಕನೆಯದಾಗಿ, ಅಂಕಿಯ ಜೊತೆಗಿರುವ ಅನಿಶ್ಚಿತತೆಯನ್ನು ಓದಲು ಕಲಿಯಬೇಕು. ಸರಾಸರಿ 21.9 ಡೆನಿಯರ್, ಅನಿಶ್ಚಿತತೆ 0.3 ಎಂದು ವರದಿಯಲ್ಲಿದ್ದರೆ ನಿಜವಾದ ಮೌಲ್ಯ 22ರ ಮಿತಿಯನ್ನು ದಾಟಿರಬಹುದು. ಗಡಿಯಂಚಿನ ಸರಕನ್ನು ಕಳುಹಿಸುವ ಮುನ್ನ ಖರೀದಿದಾರರೊಡನೆ ಮಾತನಾಡಿಕೊಳ್ಳುವುದು ಜಾಣತನ.

ಕೊನೆಯದಾಗಿ, ಒಬ್ಬೊಬ್ಬರಿಗೂ ಭರಿಸಲಾಗದ ಉಪಕರಣಗಳನ್ನು ಒಂದು ಪ್ರದೇಶದ ಘಟಕಗಳು ಒಟ್ಟಾಗಿ ಸ್ಥಾಪಿಸಿಕೊಳ್ಳಲು ಕೇಂದ್ರ ಸರ್ಕಾರದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸಮೂಹ ಅಭಿವೃದ್ಧಿ ಯೋಜನೆಯಡಿ ನೆರವು ದೊರೆಯುತ್ತದೆ. ಸಾಮಾನ್ಯ ಪರೀಕ್ಷಾ ಕೇಂದ್ರಗಳೂ ಆ ಯೋಜನೆಯ ವ್ಯಾಪ್ತಿಯಲ್ಲಿವೆ. ಉದ್ಯಮಿಗಳ ಸಂಘಗಳು ಈ ದಿಶೆಯಲ್ಲಿ ಮುಂದಾಗಬೇಕಾಗಿದೆ.

ಯಂತ್ರ ಕೊಳ್ಳುವುದು ಸುಲಭ, ಅದರ ಮುಂದೆ ಕೂರುವ ನುರಿತವರನ್ನು ಪಡೆಯುವುದು ಕಷ್ಟ. ಸೆರಿಪ್ಲೇನ್ ಹಲಗೆಯನ್ನು ಓದುವ ಕಣ್ಣು ಒಂದೆರಡು ತಿಂಗಳಲ್ಲಿ ಸಿದ್ಧಿಸುವುದಿಲ್ಲ. ಸಾಫ್ಟ್‌ವೇರ್ ಕಂಪನಿಗಳ ನೆರೆಯಲ್ಲಿಯೇ ಇರುವ ಈ ಪ್ರದೇಶದಲ್ಲಿ ವಿಜ್ಞಾನ ಪದವೀಧರರನ್ನು ಪರೀಕ್ಷಾ ವೃತ್ತಿಯತ್ತ ಸೆಳೆಯುವುದು ಸುಲಭವಲ್ಲ. ಉದ್ಯಮ ವಲಯ ತನ್ನ ಪಾಲಿನ ಕೆಲಸವನ್ನಾದರೂ ಮಾಡಬಹುದು. ರೇಷ್ಮೆ ಮತ್ತು ಜವಳಿ ತಂತ್ರಜ್ಞಾನದ ವಿದ್ಯಾರ್ಥಿಗಳಿಗೆ ರೀಲಿಂಗ್, ಹುರಿ ಹಾಗೂ ಉಡುಪು ಘಟಕಗಳಲ್ಲಿ ತರಬೇತಿಗೆ ಅವಕಾಶ ಕಲ್ಪಿಸಬಹುದು. ಪ್ರಯೋಗಾಲಯದ ಸಂಶೋಧಕರನ್ನು ಘಟಕಗಳಿಗೆ ಆಹ್ವಾನಿಸಿ ತೊಂದರೆಗಳನ್ನು ಮುಕ್ತವಾಗಿ ತೋರಿಸಬಹುದು. ಸದಸ್ಯರು ಮುಂದಿನ ಬಾರಿ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಸಿಗ್ನಲ್ಲಿಗಾಗಿ ಕಾಯುವ ಬದಲು, ಒಂದು ದಿನ ಬಿಡುವು ಮಾಡಿಕೊಂಡು ತಮ್ಮ ಸರಕಿನ ಮಾದರಿಯೊಡನೆ ಒಳಗೆ ಹೋಗಿ ವಿಚಾರಿಸಲಿ. ಅಲ್ಲಿ ಯಾವ ಯಾವ ಪರೀಕ್ಷೆಗಳು ತಮ್ಮ ಸರಕಿಗೆ ಅಗತ್ಯ ಎಂಬುದನ್ನು ಕೇಳಿ ತಿಳಿದು, ಬರುವ ಹಂಗಾಮಿನ ಖರೀದಿ ಆದೇಶಗಳಿಂದಲೇ ಅವುಗಳನ್ನು ಅಳವಡಿಸಿಕೊಳ್ಳುವುದು ಅಪೇಕ್ಷಣೀಯ.